ಮೂರು ವರ್ಷದ ಹುಳಿ, ಒಂದು ಹಗಲಿನ ಹುಳಿ

ಯೀಸ್ಟನ್ನು ಪೊಟ್ಟಣದಲ್ಲಿ ಕೊಂಡು ತರದೆ, ಗಾಳಿಯಲ್ಲಿ, ಹೂವಿನಲ್ಲಿ, ಹಳೆಯ ಪೀಪಾಯಿಯ ಹಲಗೆ ಸಂದಿಯಲ್ಲಿ ಇರುವ ಜೀವಿಗಳಿಗೇ ಕೆಲಸ ಬಿಟ್ಟುಕೊಟ್ಟು ಮಾಡುವ ಹುಳಿ ಬಿಯರ್ ಬೆಲ್ಜಿಯಂ ದೇಶದ ಹೆಮ್ಮೆ. ಅಂಥವೇ ಜೀವಿಗಳು ಉತ್ತರ ಕನ್ನಡದ ಬೈನೆ ಮರದ ತುದಿಗೆ ಕಟ್ಟಿದ ಕಳ್ಳಿನ ಮಡಕೆಯಲ್ಲೂ ತಲೆಮಾರುಗಟ್ಟಲೆ ದುಡಿದಿವೆ. ಅಲ್ಲಿಯ ಪೀಪಾಯಿಯನ್ನು ನೋಡಲು ಜನ ಟಿಕೆಟ್ ಕೊಂಡು ಬರುತ್ತಾರೆ. ಇಲ್ಲಿಯ ಮಡಕೆ ಮರದಿಂದ ಇಳಿದದ್ದು ಮತ್ತೆ ಏರಲಿಲ್ಲ. ಇಳಿದದ್ದು ನಷ್ಟವೋ ಬಿಡುಗಡೆಯೋ? ಈ ಪ್ರಶ್ನೆಗೆ ಒಬ್ಬರೇ ಉತ್ತರ ಹೇಳಿ ಮುಗಿಸಬಹುದೆಂದು ನನಗೆ ಅನಿಸುವುದಿಲ್ಲ. ಅದಕ್ಕೇ ಇಬ್ಬರ ಬಾಯಲ್ಲಿ ಇಡುತ್ತಿದ್ದೇನೆ.

ಜಾಗ ಕತಗಾಲ. ಕುಮಟಾದಿಂದ ಶಿರಸಿಗೆ ಹೋಗುವವರಿಗೆ ದೇವಿಮನೆ ಘಟ್ಟಕ್ಕೆ ಮೊದಲೇ ಸಿಗುವ ಊರು. ಮಳೆಗಾಲದಲ್ಲಿ ಚಂಡಿಕಾ ಹೊಳೆ ಉಕ್ಕಿದರೆ ಇಲ್ಲಿ ರಸ್ತೆಯೇ ಮುಳುಗುತ್ತದೆ. ಈಗ ಮೇ ತಿಂಗಳು, ಅಂಗಳದಲ್ಲಿ ಮುರುಗಲು ಸಿಪ್ಪೆ ಒಣಗುತ್ತಿದೆ. ಅಜ್ಜ ಹರೆಯದಲ್ಲಿ ಕಳ್ಳು ಇಳಿಸುತ್ತಿದ್ದವರು, ಈಗ ಸ್ವಲ್ಪ ಅಡಿಕೆ, ಸ್ವಲ್ಪ ಗದ್ದೆ. ಮೊಮ್ಮಗಳು ಬೆಲ್ಜಿಯಂನ ಲ್ಯೂವೆನ್ ನಗರದಲ್ಲಿ ಸೂಕ್ಷ್ಮಜೀವಿಗಳ ಬಗ್ಗೆ ಓದುತ್ತಿರುವವಳು. ರಜೆಗೆ ಬರುವಾಗ ಒಂದು ಬಾಟಲಿ ತಂದಿದ್ದಾಳೆ.

ಅಜ್ಜ: ಎಂತದೇ ಇದು? ಬಿರಡೆಗೆ ತಂತಿ ಬಿಗಿದಿದ್ದಾರಲ್ಲ!

ಮೊಮ್ಮಗಳು: ಒಳಗೆ ಇನ್ನೂ ಹುಳಿ ಬರ್ತಾ ಅದೆ ಅಜ್ಜಾ. ಬಾಟಲಿಗೆ ತುಂಬಿದ ಮೇಲೂ ಯೀಸ್ಟ್ ಜೀವಂತ ಇರ್ತದೆ, ಗ್ಯಾಸ್ ಹುಟ್ತದೆ. ತಂತಿ ಇಲ್ಲದಿದ್ರೆ ಬಿರಡೆ ಹಾರಿಹೋಗ್ತದೆ. ಬ್ರಸೆಲ್ಸಿನ ಬಿಯರು, ಲ್ಯಾಂಬಿಕ್ ಅಂತಾರೆ. ಎಲ್ಡರ್ ಅನ್ನೋ ಗಿಡದ ಹೂವನ್ನ ಇದರಲ್ಲಿ ನೆನೆಹಾಕಿದ್ದಾರೆ.

ಅಜ್ಜ: ನಾನು ಬಿಟ್ಟವ ಅಂತ ಗೊತ್ತಿದ್ದೂ ತಂದು ಎದುರಿಗೆ ಇಡ್ತೀಯಲ್ಲ.

ಮೊಮ್ಮಗಳು: ಕುಡಿ ಅಂತಿಲ್ಲ. ರುಚಿ ಹೇಳು ಅಂತೇನೆ. ಯಂತ್ರ ಹೇಳೋದು ನಂಗೆ ಗೊತ್ತು, ನಿನ್ನ ನಾಲಿಗೆ ಹೇಳೋದು ಬೇಕು.

ಅಜ್ಜ ಲೋಟವನ್ನು ಮೂಗಿನ ಹತ್ತಿರ ಹಿಡಿದರು. ಹೊತ್ತು ಹಿಡಿಯಿತು. ಕಳ್ಳು ಇಳಿಸುವವರಿಗೆ ಮೂಗೇ ಮೊದಲ ಪರೀಕ್ಷೆ. ಬೆಳಗಿನ ಮಡಕೆ ಯಾವುದು, ನಿನ್ನೆಯದು ಯಾವುದು ಎಂದು ನೋಡದೆಯೇ ಹೇಳುವವರು ಅವರು. ಆಮೇಲೆ ಒಂದು ಗುಟುಕು ಬಾಯಿಗೆ ಹಾಕಿ, ಆಡಿಸಿ, ಅಂಗಳದ ಅಂಚಿಗೆ ಹೋಗಿ ಉಗುಳಿ ಬಂದರು.

ಅಜ್ಜ: ಮೊದಲು ಹೂವು. ಸುರಗಿ ಅಲ್ಲ, ಆದ್ರೆ ಆ ದಿಕ್ಕಿನದು. ಅದರ ಹಿಂದೆ ಹಣ್ಣು, ಪೂರ್ತಿ ಮಾಗದ ಮಾವಿನಹಣ್ಣಿನ ಸೊನೆ ಹತ್ರ ಬರ್ತದಲ್ಲ, ಅದು. ಆಮೇಲೆ ಒಂಚೂರು ಕೊಟ್ಟಿಗೆ ವಾಸನೆ. ಹುಳಿ ಒಂದಲ್ಲ ಮಾರಾಯ್ತಿ, ಎರಡು. ಒಂದು ಮಜ್ಜಿಗೆಯದು, ನಾಲಿಗೆಯ ಎರಡೂ ಬದಿಗೆ ಹಿಡಿತದೆ. ಇನ್ನೊಂದು ಮೂಗಿಗೆ ಹೊಡೆಯೋದು. ಅದು ಕಡಿಮೆ ಅದೆ, ಹದವಾಗಿ ಅದೆ. ಅದು ಜಾಸ್ತಿ ಆಗಿದ್ರೆ ನಾನು ಚೆಲ್ಲಿ ಬಿಡ್ತಿದ್ದೆ.

ಮೊಮ್ಮಗಳು: ಮಜ್ಜಿಗೆಯದು ಲ್ಯಾಕ್ಟಿಕ್ ಆಮ್ಲ. ಮೂಗಿನದು ಅಸಿಟಿಕ್, ವಿನೆಗರಿನದು. ಕೊಟ್ಟಿಗೆ ವಾಸನೆ ಬರೋದು ಬ್ರೆಟ್ಟನೊಮೈಸಿಸ್ ಅನ್ನೋ ಕಾಡು ಯೀಸ್ಟಿನಿಂದ. ಹಣ್ಣಿನ ವಾಸನೆಯಲ್ಲೂ ಅದರ ಪಾಲು ಇದೆ. 1904ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಕ್ಲಾಸೆನ್ ಅನ್ನೋನು ಅದಕ್ಕೆ ಹೆಸರಿಟ್ಟ. ಇಂಗ್ಲೆಂಡಿನ ಹಳೇ ಬಿಯರಿನ ವಿಶೇಷ ರುಚಿಗೆ ಕಾರಣ ಏನು ಅಂತ ಹುಡುಕ್ತಾ ಇದು ಸಿಕ್ಕಿತು. ನೀನು ಒಂದು ಗುಟುಕಿನಲ್ಲಿ ಎಲ್ಲಾನೂ ಹೇಳ್ದೆ!

ಅಜ್ಜ: ಹೇಳೋಕೆ ಎಂತ ಅದೆ. ಇದು ಹುಳಿ ಬಂದ ಕಳ್ಳು, ಅಷ್ಟೇ. ಯಾರೋ ಅದಕ್ಕೆ ಚೆನ್ನಾಗಿ ಕಾವಲು ಕೂತಿದ್ದಾರೆ.

ಮೊಮ್ಮಗಳು: ಮೂರು ವರ್ಷ ಕಾವಲು ಕೂತಿದ್ದಾರೆ. ಕೇಳು. ಮೊಳಕೆ ಬರಿಸಿದ ಬಾರ್ಲಿ, ಅದರ ಜೊತೆ ಮೂರನೇ ಒಂದು ಪಾಲಿನಷ್ಟು ಮೊಳಕೆ ಬರಿಸದ ಗೋಧಿ. ಬಿಸಿನೀರಲ್ಲಿ ಅದರ ಸಿಹಿ ಇಳಿಸಿಕೊಂಡು, ಹಾಪ್ಸ್ ಹೂ ಹಾಕಿ ಗಂಟೆಗಟ್ಟಲೆ ಕುದಿಸ್ತಾರೆ. ಹಾಪ್ಸ್ ಕೂಡ ಹೊಸದಲ್ಲ, ವರ್ಷಗಟ್ಟಲೆ ಇಟ್ಟು ಕಹಿ ಹೋಗಿಸಿದ್ದು. ಆಮೇಲೆ ಅಟ್ಟದ ಮೇಲೆ, ಮಾಡಿನ ಕೆಳಗೆ, ಅಗಲವಾದ ತಗ್ಗು ತೊಟ್ಟಿಗೆ ಸುರಿದು ರಾತ್ರಿಯಿಡೀ ಹಾಗೇ ತಣಿಯೋಕೆ ಬಿಡ್ತಾರೆ. ಕಿಟಕಿಯಿಂದ ಗಾಳಿ ಬರ್ತದೆ, ಗಾಳಿಯ ಜೊತೆ ಜೀವಿಗಳು ಬರ್ತವೆ. ಬೆಳಿಗ್ಗೆ ಮರದ ಪೀಪಾಯಿಗೆ ತುಂಬ್ತಾರೆ. ಚಳಿಗಾಲದ ಆಚೆ ಈಚೆ, ಅಕ್ಟೋಬರಿನಿಂದ ಏಪ್ರಿಲ್ ತನಕ ಮಾತ್ರ ಈ ಕೆಲಸ. ಬೇಸಿಗೆಯಲ್ಲಿ ಬೇಡದ ಜೀವಿಗಳು ಜಾಸ್ತಿ.

ಅಜ್ಜ: ಆಮೇಲೆ ಮೂರು ವರ್ಷ ಎಂತ ಮಾಡ್ತಾರೆ?

ಮೊಮ್ಮಗಳು: ಏನೂ ಮಾಡೋದಿಲ್ಲ, ಕಾಯ್ತಾರೆ. ಮೊದಲ ಕೆಲವು ವಾರ ಒಂದು ಜಾತಿ ಬ್ಯಾಕ್ಟೀರಿಯಾ. ಆಮೇಲೆ ಮಾಮೂಲಿ ಯೀಸ್ಟ್ ಬಂದು ಸಕ್ಕರೆ ತಿಂದು ಅಮಲು ಮಾಡ್ತದೆ. ಕೆಲವು ತಿಂಗಳ ಮೇಲೆ ಹುಳಿ ಮಾಡೋ ಬ್ಯಾಕ್ಟೀರಿಯಾ ಏಳ್ತದೆ. ಕೊನೆಗೆ ಆ ಬ್ರೆಟ್ಟನೊಮೈಸಿಸ್, ಅದು ಬಹಳ ನಿಧಾನ, ಉಳಿದವರು ತಿನ್ನಲಾರದ್ದನ್ನೂ ತಿಂದುಕೊಂಡು ಹೋಗ್ತದೆ. ಒಂದು ವರ್ಷದ್ದು, ಎರಡು ವರ್ಷದ್ದು, ಮೂರು ವರ್ಷದ್ದು ಬೆರೆಸಿ ಬಾಟಲಿಗೆ ತುಂಬಿದ್ರೆ ಅದಕ್ಕೆ ಗ್ಯೂಝ್ ಅಂತಾರೆ. ಕೆಂಪು ಹುಳಿ ಚೆರ್ರಿ ಹಾಕಿದ್ರೆ ಕ್ರೀಕ್.

ಅಜ್ಜ: ನಮ್ಮ ಮಡಕೆಯಲ್ಲಿ ಇಷ್ಟೂ ಒಂದೇ ಹಗಲಲ್ಲಿ ಆಗ್ತಿತ್ತು. ಬೆಳಿಗ್ಗೆ ಇಳಿಸಿದ್ದು ಸಿಹಿ, ಮಕ್ಕಳೂ ಕುಡೀತಿದ್ರು. ಹೊತ್ತು ನೆತ್ತಿಗೆ ಬರುವಾಗ ನೊರೆ. ಸಂಜೆಗೆ ಹುಳಿ. ಮಾರನೇ ದಿನಕ್ಕೆ ಬಾಯಿಗೆ ಹಾಕೋ ಹಾಗಿಲ್ಲ.

ಮೊಮ್ಮಗಳು: ನಮ್ಮ ಸೆಕೆಗೆ ಅವು ಓಡ್ತವೆ, ಅಲ್ಲಿಯ ಚಳಿಗೆ ತೆವಳ್ತವೆ. ನಮ್ಮಲ್ಲೂ ಹುಳಿ ಮಾಡೋ ಬ್ಯಾಕ್ಟೀರಿಯಾ, ಯೀಸ್ಟ್, ಕೊನೆಗೆ ವಿನೆಗರ್ ಮಾಡೋದು, ಎಲ್ಲ ಇವೆ. ಅಮಲೂ ಹೆಚ್ಚು ಕಡಿಮೆ ಅಷ್ಟೇ, ನೂರಕ್ಕೆ ಐದರ ಸುತ್ತಮುತ್ತ. ಹಾಗಿದ್ದೂ ಅವರದನ್ನ ಲೋಕ ಹುಡುಕಿಕೊಂಡು ಬರ್ತದೆ. ನಮ್ಮದಕ್ಕೆ ಗಡಂಗಿನ ಹೆಸರು!

ಅಜ್ಜ: ಒಂದು ಹಗಲಿನ ಸಾಮಾನನ್ನ ಹಡಗಿಗೆ ಹಾಕೋಕೆ ಆಗ್ತದಾ? ಕುಮಟೆಗೆ ಮುಟ್ಟಿಸೋದೇ ಕಷ್ಟ. ಅದು ಊರಿನದು, ಊರಲ್ಲೇ ಮುಗಿಬೇಕು.

ಇದು ನನಗೆ ಬಹಳ ಮುಖ್ಯವಾದ ಮಾತು ಅನಿಸುತ್ತದೆ. ಕಳ್ಳಿನ ಬೆಲೆ ಇಳಿದದ್ದು ಅದರ ರುಚಿಯಲ್ಲಿ ಕೊರತೆ ಇದ್ದುದರಿಂದಲ್ಲ. ಕಾದಿಟ್ಟು ಮಾರಲಾಗದ್ದಕ್ಕೆ ವ್ಯಾಪಾರ ಒಲಿಯುವುದಿಲ್ಲ. ಮಡಕೆಯ ಬಾಯಿಗೆ ಗಿರಾಕಿಯೇ ಬರಬೇಕು. ಬರುವವನು ಅದೇ ಊರಿನ ಕೂಲಿಯವನು.

ಮೊಮ್ಮಗಳು: ಬೈನೆ ಕಳ್ಳು ಇಳಿಸೋದು ಹೇಗೆ ಅಂತ ನೀನು ನಂಗೆ ಯಾವತ್ತೂ ಹೇಳಿಲ್ಲ.

ಅಜ್ಜ: ಕೇಳಿದ್ದಿಲ್ಲ ನೀನು. ಬೈನೆಗೆ ಹೂ ಬರ್ಬೇಕಾದ್ರೆ ಹತ್ತು ಹದಿನೈದು ವರ್ಷ ಆಗ್ಬೇಕು. ತೆಂಗಿನ ಹಾಗೆ ವರ್ಷವಿಡೀ ಅಲ್ಲ. ಒಮ್ಮೆ ಶುರು ಆಯ್ತು ಅಂದ್ರೆ ಮೊದಲ ಹೊಂಬಾಳೆ ನೆತ್ತಿಯಲ್ಲಿ, ಮುಂದಿನದು ಅದರ ಕೆಳಗೆ, ಹೀಗೆ ಇಳೀತಾ ಬರ್ತದೆ. ಕೊನೆಯದು ಬುಡದ ಹತ್ರ ಬರುವಾಗ ಮರದ ಆಯುಸ್ಸೇ ಮುಗೀತದೆ. ಹೂ ಬಿಡೋದೇ ಸಾಯೋಕೆ. ಅದು ಕೂಡಿಟ್ಟ ಸಿಹಿ ಇದೆಯಲ್ಲ, ಅದನ್ನ ನಾವು ಇಳಿಸೋದು.

ಮೊಮ್ಮಗಳು: ಹತ್ತೋದು?

ಅಜ್ಜ: ಬಿದಿರಿನ ಏಣಿ ಮರಕ್ಕೆ ಬಿಗಿದು ಕಟ್ಟೋದು. ಹೊಂಬಾಳೆ ಒಡೆಯೋ ಮೊದಲೇ ಹೊದಿಕೆ ಬಿಚ್ಚಿ, ಎಸಳೆಲ್ಲ ಸೇರಿಸಿ ನಾರಿನಲ್ಲಿ ಬಿಗೀಬೇಕು. ಆಮೇಲೆ ಕೊಡತಿಯಿಂದ ಮೆಲ್ಲಗೆ ಬಡೀಬೇಕು, ದಿನಾ. ಜೋರಾಗಿ ಹೊಡೆದ್ರೆ ಕೊಳೀತದೆ, ಕಡಿಮೆ ಆದ್ರೆ ರಸ ಬರೋದಿಲ್ಲ. ನನ್ನ ಅಪ್ಪ ಎಷ್ಟು ಪೆಟ್ಟು ಅಂತ ಬಾಯಲ್ಲಿ ಹೇಳಿಕೊಟ್ಟವನಲ್ಲ, ನನ್ನ ಕೈ ಹಿಡಿದುಕೊಂಡು ಬಡಿಸಿದ. ಆಮೇಲೆ ತುದಿ ಕೊಯ್ಯೋದು, ಬೆಳಿಗ್ಗೆ ಒಂದು, ಸಂಜೆ ಒಂದು, ಕಾಗದದಷ್ಟು ತೆಳ್ಳಗೆ. ಒಂದೊಂದು ಮರ ದಿನಕ್ಕೆ ಇಪ್ಪತ್ತು ಲೀಟರ್ ದಾಟಿಸ್ತಿತ್ತು. ತಿಂಗಳುಗಟ್ಟಲೆ.

ಮೊಮ್ಮಗಳು: ಮಡಕೆ ತೊಳೀತಿದ್ರಾ?

ಅಜ್ಜ: ನೀರು ಹಾಕಿ ಕುಲುಕಿ ಚೆಲ್ತಿದ್ದೆವು, ತಿಕ್ಕುತಿರಲಿಲ್ಲ. ತಿಕ್ಕಿದ ಮಡಕೆಯಲ್ಲಿ ಕಳ್ಳು ಬೇಗ ಏಳೋದಿಲ್ಲ. ಬೆಲ್ಲ ಕಾಯಿಸೋದಾದ್ರೆ ಮಾತ್ರ ಬೇರೆ ಮಡಕೆ, ಒಳಗೆ ಸುಣ್ಣ ಬಳೀತಿದ್ದೆವು. ಸುಣ್ಣ ಇದ್ರೆ ಹುಳಿ ಬರೋದಿಲ್ಲ.

ಮೊಮ್ಮಗಳು: ಬ್ರಸೆಲ್ಸಿನಲ್ಲಿ ಕಾಂತಿಯೋಂ ಅಂತ ಒಂದು ಬ್ರೂವರಿ ಇದೆ, 1900ರದು. ಅಲ್ಲಿ ಜೇಡರ ಬಲೆ ತೆಗೆಯೋದಿಲ್ಲ, ಹಣ್ಣಿಗೆ ಮುತ್ತೋ ನೊಣಗಳನ್ನ ಜೇಡ ಹಿಡೀತದೆ ಅಂತ. ನೀನು ಮಡಕೆ ತಿಕ್ಕದೇ ಇದ್ದದ್ದೂ ಅದೇ ಬುದ್ಧಿ. ಅವರು 1978ರಿಂದ ಬ್ರೂವರಿಯನ್ನೇ ವಸ್ತುಸಂಗ್ರಹಾಲಯ ಮಾಡಿ ತೋರಿಸ್ತಾ ಇದ್ದಾರೆ. ಹಳೇ ಕ್ರಮದ ಗ್ಯೂಝ್‌ಗೆ ಯುರೋಪಿನ ಕಾನೂನಿನ ರಕ್ಷಣೆಯೂ ಇದೆ. ನಿನ್ನ ಮಡಕೆ, ಕೊಡತಿ ಎಲ್ಲಿ?

ಅಜ್ಜ: ಕೊಡತಿಯಲ್ಲಿ ನಿನ್ನ ಅಜ್ಜಿ ಬಟ್ಟೆ ಬಡೀತಿದ್ಲು. ಮಡಕೆ ಒಡೀತು.

ಮೊಮ್ಮಗಳು: ಅಷ್ಟೇನಾ? ಬೇಜಾರಾಗಲಿಲ್ವಾ ನಿಂಗೆ?

ಅಜ್ಜ: ಕೂತ್ಕೋ, ಹೇಳ್ತೇನೆ. ಆ ಮರ ನಂದಲ್ಲ. ಕಾಡಿನದು ಸರ್ಕಾರದ್ದು, ತೋಟದ್ದು ಒಡೆಯರದ್ದು. ಕಳ್ಳಿನ ಹಕ್ಕು ಹರಾಜಿನಲ್ಲಿ ಹಿಡಿದ ಗುತ್ತಿಗೆದಾರನದು. ಮರ ಹತ್ತೋ ಜೀವ ಮಾತ್ರ ನಂದು. ಮಳೆ ಹನಿ ಬಿದ್ದ ದಿನ ಏಣಿ ಜಾರ್ತದೆ. ನನ್ನ ಓರಗೆಯವನೊಬ್ಬ ಬಿದ್ದು ಸೊಂಟ ಮುರಿದು ಇಪ್ಪತ್ತು ವರ್ಷ ಹಾಸಿಗೆಯಲ್ಲಿ ಕಳೆದ. ಯಾರೂ ಅವನಿಗೆ ಸಂಗ್ರಹಾಲಯ ಕಟ್ಟಲಿಲ್ಲ.

ಮೊಮ್ಮಗಳು: ಆ ಕಷ್ಟ ನಾನು ಅಲ್ಲಗಳೆಯೋದಿಲ್ಲ. ಆದ್ರೆ ಅದು ಗುತ್ತಿಗೆಯ ತಪ್ಪು, ಕಳ್ಳಿನದಲ್ಲ. ಬ್ರಿಟಿಷರು 1878ರಲ್ಲಿ ಮುಂಬೈ ಅಬಕಾರಿ ಕಾನೂನು ತಂದ್ರು, ಆಗ ನಮ್ಮ ಜಿಲ್ಲೆ ಮುಂಬೈ ಪ್ರಾಂತಕ್ಕೆ ಸೇರಿತ್ತು. ಕಳ್ಳಿನ ಮರಕ್ಕೂ ಸುಂಕ ಬಂತು, ಪರವಾನಗಿ ಬಂತು. ಉಪ್ಪಿಗೂ ಸುಂಕ ಇತ್ತು. ಉಪ್ಪಿಗೋಸ್ಕರ 1930ರಲ್ಲಿ ಅಂಕೋಲಾದವರು ಸಮುದ್ರದ ನೀರು ಕಾಯಿಸಿ ಸತ್ಯಾಗ್ರಹ ಮಾಡಿದ್ರು. ಸ್ವಾತಂತ್ರ್ಯ ಬರೋ ಹೊತ್ತಿಗೆ ಉಪ್ಪಿಗೆ ಬಿಡುಗಡೆ ಆಯ್ತು. ಕಳ್ಳಿಗೆ ಬಂದದ್ದು 1949ರ ಮುಂಬೈ ಪಾನನಿಷೇಧ ಕಾನೂನು. ಮೊದಲು ಸುಂಕ, ಆಮೇಲೆ ನಿಷೇಧ. ಮರ ಹತ್ತೋನಿಗೆ ಯಾವಾಗಲೂ ಪೊಲೀಸಿನವನೇ ಎದುರು.

ಅಜ್ಜ: ಆ ನಿಷೇಧದ ಕಾಲ ನನಗೆ ನೆನಪಿದೆ. ಅಪ್ಪ ಕತ್ತಲಲ್ಲಿ ಮರ ಹತ್ತುತಿದ್ದ. ಆದ್ರೆ ನೀನು ಅಂಕೋಲೆಯ ಉಪ್ಪು ಹೇಳಿದವಳು, ಚಿತ್ರದುರ್ಗದ ಕಡೆಯ ಈಚಲು ಮರವನ್ನೂ ಹೇಳಬೇಕಲ್ಲ. 1939ರಲ್ಲಿ ತುರುವನೂರಿನಲ್ಲಿ ಸ್ವಾತಂತ್ರ್ಯಕ್ಕೆ ಹೋರಾಡಿದವರೇ ಈಚಲು ಮರ ಕಡಿದು ಜೈಲಿಗೆ ಹೋದ್ರು. ಉಪ್ಪು ಮಾಡಿದ್ದೂ ಸತ್ಯಾಗ್ರಹ, ಮರ ಕಡಿದದ್ದೂ ಸತ್ಯಾಗ್ರಹ. ಅವರಿಗೇನು ಬುದ್ಧಿ ಇರಲಿಲ್ವಾ?

ಮೊಮ್ಮಗಳು: ಗಾಂಧೀಜಿ ಕಳ್ಳು ಬೇಡ ಅಂದ್ರು, ನೀರಾ ಇಳಿಸಿ ಬೆಲ್ಲ ಮಾಡಿ ಅಂತಲೂ ಅಂದ್ರು. ಮರ ಬಲ್ಲವನ ಕೈಗೆ ಕೆಲಸ ತಪ್ಪಬಾರದು ಅಂತ ಅವರಿಗೆ ಇತ್ತು.

ಅಜ್ಜ: ಬೆಲ್ಲ ಕಾಯಿಸೋಕೆ ಸೌದೆ ಎಲ್ಲಿಂದ? ಬೆಲ್ಲ ಆಗ್ತದೆ, ಒಳ್ಳೇ ಬೆಲ್ಲ, ಕಪ್ಪು, ಹೊಗೆ ವಾಸನೆ. ಆದ್ರೆ ಒಂದು ಅಚ್ಚಿಗೆ ಎಷ್ಟು ಮಡಕೆ ರಸ ಬೇಕು ಗೊತ್ತಾ? ಅದಿರಲಿ. ಆ ಗೋಡೆ ನೋಡು.

ಗೋಡೆಯ ಮೇಲೆ ನಾರಾಯಣ ಗುರುಗಳ ಪಟ. ಕರಾವಳಿಯಲ್ಲಿ ಕಳ್ಳು ಇಳಿಸುವ ಕಸುಬಿನಿಂದ ಬಂದ ಸಮುದಾಯಗಳ ಮನೆಗಳಲ್ಲಿ ಈ ಪಟ ಇರುವುದು ವಿಶೇಷವಲ್ಲ. ಕೇರಳದ ಈಳವರ ನಡುವೆ ಹುಟ್ಟಿದ ಗುರುಗಳು ಮಂಗಳೂರಿನ ಕುದ್ರೋಳಿಯಲ್ಲಿ 1912ರಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠೆ ಮಾಡಿದವರು. ಮದ್ಯ ಮಾಡಬೇಡಿ, ಕೊಡಬೇಡಿ, ಕುಡಿಯಬೇಡಿ ಎಂದು ತಮ್ಮ ಜನರಿಗೇ ಹೇಳಿದವರು.

ಅಜ್ಜ: ಹೊರಗಿನವರು ಕಳ್ಳು ಕೆಟ್ಟದ್ದು ಅಂದ್ರೆ ನಾವು ಜಗಳಾಡಬಹುದು. ಗುರುಗಳು ನಮ್ಮೊಳಗಿನವರು. ಊರಿನ ಲೆಕ್ಕದಲ್ಲಿ ಯಾರು ಮರ ಹತ್ತಿ ಇಳಿಸ್ತಾನೋ ಅವನೇ ಕೀಳು, ಮರದ ಕೆಳಗೆ ಕೂತು ಕುಡಿಯೋ ಒಡೆಯ ಮೇಲು. ಶಾಲೆಯಲ್ಲಿ ನನ್ನ ಅಂಗಿಯಿಂದ ಕಳ್ಳಿನ ವಾಸನೆ ಬರ್ತದೆ ಅಂತ ಹಿಂದಿನ ಸಾಲಿನಲ್ಲಿ ಕೂರಿಸ್ತಿದ್ರು. ನಿನ್ನ ಅಪ್ಪನನ್ನ ಹಾಗೆ ಕೂರಿಸಬಾರದು ಅಂತ ನಾನು ಮರ ಬಿಟ್ಟೆ. 1974ರ ಭೂಸುಧಾರಣೆಯಿಂದ ಗೇಣಿ ಗದ್ದೆ ನಮ್ಮದಾಯ್ತು, ಬಿಡೋಕೆ ಧೈರ್ಯ ಬಂತು. ನೀನು ಈಗ ಆ ವಾಸನೆಗೆ ಹೂವು, ಹಣ್ಣು ಅಂತ ಹೆಸರಿಟ್ಟುಕೊಂಡು ಬಂದೆ.

ಮೊಮ್ಮಗಳು: ಹೆಸರಿಟ್ಟದ್ದು ನೀನು ಅಜ್ಜಾ. ಸುರಗಿ ಅಂದದ್ದು ನೀನು.

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಈ ಜಾಗದಲ್ಲಿ ನನ್ನ ಮನಸ್ಸು ಅಜ್ಜನ ಕಡೆ ವಾಲುತ್ತದೆ ಎಂದು ಹೇಳಿಬಿಡುತ್ತೇನೆ. ಕಸುಬೊಂದು ಅಳಿದರೆ ಮರುಗುವ ನಾವು, ಆ ಕಸುಬಿನವರು ತಾವಾಗಿ ಅದನ್ನು ಕೆಳಗಿಟ್ಟದ್ದೂ ಉಂಟು ಎಂಬುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಮೊಮ್ಮಗಳು ಅಲ್ಲಿಗೇ ಬಿಡುವವಳಲ್ಲ.

ಮೊಮ್ಮಗಳು: ನೀನು ಬಿಟ್ಟೆ. ಊರು ಕುಡಿಯೋದು ಬಿಡ್ತಾ?

ಅಜ್ಜ: ಇಲ್ಲ.

ಮೊಮ್ಮಗಳು: ಕಳ್ಳು ಹೋಗಿ ಸಾರಾಯಿ ಬಂತು. 2007ರ ಜುಲೈಯಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿತು. ಈಗ ಎಲ್ಲರ ಕೈಯಲ್ಲೂ ಕಾರ್ಖಾನೆಯ ಬಾಟಲಿ, ಪ್ಯಾಕೆಟ್ಟು. ಕಳ್ಳಿನಲ್ಲಿ ಅಮಲು ನೂರಕ್ಕೆ ಐದು ಇದ್ರೆ ಆ ವಿಸ್ಕಿಯಲ್ಲಿ ನಲವತ್ತು ದಾಟ್ತದೆ. ದುಡ್ಡು ಮೊದಲು ಊರಲ್ಲಿ ಒಂದಿಷ್ಟಾದ್ರೂ ಉಳೀತಿತ್ತು, ಈಗ ಪೂರ್ತಿ ಹೊರಗೆ ಹೋಗ್ತದೆ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಕಳ್ಳು ಇಳಿಸೋ ಮೂರ್ತೆದಾರರ ಸಹಕಾರ ಸಂಘಗಳು ಕಳ್ಳು ಮಾರ್ತವೆ. ಅಲ್ಲಿಯ ಕ್ರಿಶ್ಚಿಯನ್ನರ ಮನೆಯಲ್ಲಿ ಸಾನ್ನಾ ಅನ್ನೋ ತಿಂಡಿಯ ಹಿಟ್ಟಿಗೆ ಇವತ್ತಿಗೂ ಕಳ್ಳಿನ ಹುದುಗು ಹಾಕೋದುಂಟು. ಅದೇ ಕಡಲು, ಅದೇ ರಾಜ್ಯ. ಹೊನ್ನಾವರ, ಕುಮಟಾಕ್ಕೆ ಯಾಕಿಲ್ಲ?

ಅಜ್ಜ: ಕೊಟ್ರೂ ಯಾರು ಹತ್ತುತಾರೆ? ನೀನು ಹತ್ತುತೀಯಾ?

ಮೊಮ್ಮಗಳು: ಕಲಿಸಿದ್ರೆ ಹತ್ತುತೇನೆ.

ಅಜ್ಜ: ಹಾಗೇ ಹೇಳ್ತಾರೆ. ಇನ್ನೊಂದು ಕೇಳು. ಕಳ್ಳು ಕೆಟ್ಟದ್ದು ಬರೀ ಮಡಕೆಯಲ್ಲಲ್ಲ. ಬೇಡಿಕೆ ಜಾಸ್ತಿ, ಮರ ಕಡಿಮೆ, ಆಗ ನೀರಿಗೆ ಪೌಡರ್ ಕಲಸಿ ಕಳ್ಳು ಅಂತ ಮಾರಿದ್ರು ಬಯಲುಸೀಮೆಯಲ್ಲಿ. ನಿದ್ದೆ ಬರಿಸೋ ಔಷಧಿ, ಕ್ಲೋರಲ್ ಹೈಡ್ರೇಟ್. ಅದು ಸಿಗದ ದಿನ ಜನ ಹುಚ್ಚರ ಹಾಗೆ ಆಡ್ತಿದ್ರು. ಹೆಂಗಸರು ಗಡಂಗು ಮುಚ್ಚಿ ಅಂತ ಬೀದಿಗೆ ಬಂದದ್ದು ಸುಮ್ಮನೆ ಅಲ್ಲ. ನಿನ್ನ ಅಜ್ಜಿ ಬಾಯಿ ಬಿಟ್ಟು ಹೇಳಲಿಲ್ಲ, ಆದ್ರೆ ನಾನು ಮಡಕೆ ಮನೆಗೆ ತರೋದು ನಿಲ್ಲಿಸಿದ ಮೇಲೆ ಅವಳು ರಾತ್ರಿ ಬೇಗ ನಿದ್ದೆ ಮಾಡೋಕೆ ಶುರು ಮಾಡಿದ್ಲು. ನಿನ್ನ ಪುಸ್ತಕದಲ್ಲಿ ಆ ನಿದ್ದೆಯ ಲೆಕ್ಕ ಇದೆಯಾ?

ಮೊಮ್ಮಗಳು: ಇಲ್ಲ.

ಅಜ್ಜ: ಬೆಲ್ಜಿಯಮ್ಮಿನಲ್ಲಿ ಕುಡಿದು ಹಾಳಾದವರು ಇಲ್ವಾ?

ಮೊಮ್ಮಗಳು: ಇದ್ದಾರೆ. ಬಾಟಲಿ ಚೆಂದ ಇದ್ದ ಮಾತ್ರಕ್ಕೆ ಅದು ತಪ್ಪೋದಿಲ್ಲ. ಆದ್ರೆ ಈ ಬಿಯರನ್ನ ಅಲ್ಲಿ ಲೋಟಗಟ್ಟಲೆ ಕುಡಿಯೋದಿಲ್ಲ. ಇಷ್ಟು ಹುಳಿಯನ್ನ ಅವಸರದಲ್ಲಿ ಕುಡಿಯೋಕೂ ಆಗೋದಿಲ್ಲ. ಒಂದು ಬಾಟಲಿ ತೆಗೆದು ನಾಲ್ಕು ಜನ ಹಂಚಿಕೊಂಡು, ವಾಸನೆ ನೋಡ್ತಾ, ಮಾತಾಡ್ತಾ ಕೂರ್ತಾರೆ. ರುಚಿ ನೋಡೋದು ಬೇರೆ, ಕುಡಿಯೋದು ಬೇರೆ ಅಜ್ಜಾ.

ಅಜ್ಜ: ಹೊಟ್ಟೆ ತುಂಬಿದವರಿಗೆ ಬೇರೆ. ದಿನವಿಡೀ ಗದ್ದೆಯಲ್ಲಿ ಬಗ್ಗಿದವ ಮೈ ನೋವು ಮರೆಯೋಕೆ ಬರ್ತಿದ್ದ, ಸುರಗಿ ವಾಸನೆ ನೋಡೋಕಲ್ಲ. ಅವನಿಗೂ ರುಚಿ ಗೊತ್ತಿತ್ತು, ನೀರು ಬೆರೆಸಿದ್ರೆ ಮುಖಕ್ಕೆ ಎರಚ್ತಿದ್ದ. ಆದ್ರೆ ರುಚಿ ಅವನಿಗೆ ಕೊನೆಯದು. ಈ ಬಾಟಲಿಗೆ ಎಷ್ಟು ಕೊಟ್ಟೆ?

ಅವಳು ಹೇಳಿದಳು. ಅಜ್ಜ ಬಾಟಲಿಯನ್ನು ಮೇಜಿನ ನಡುವಿಗೆ ಸರಿಸಿದರು.

ಅಜ್ಜ: ಒಬ್ಬ ಆಳಿನ ಎರಡು ದಿನದ ಸಂಬಳ.

ಮೊಮ್ಮಗಳು: ಹೌದು. ನಂಗೂ ಅದು ಚುಚ್ಚುತದೆ. ಬೆಂಗಳೂರಿನಲ್ಲಿ 2010ರಿಂದೀಚೆ ಪಬ್ಬಿನ ಒಳಗೇ ಬಿಯರ್ ಮಾಡೋ ಮೈಕ್ರೋಬ್ರೂವರಿಗಳು ಎಷ್ಟು ಬಂದ್ವು! ಕೋಕಂ ಹಾಕಿ ಹುಳಿ ಬಿಯರ್ ಮಾಡಿದವರೂ ನಮ್ಮ ದೇಶದಲ್ಲಿದ್ದಾರೆ. ಕೋಕಂ ಅಂದ್ರೆ ನಮ್ಮ ಅಂಗಳದ ಇದೇ ಮುರುಗಲು. ಅವರಿಗೆ ಪರವಾನಗಿ ಸಿಕ್ತದೆ, ನಿನ್ನ ಹಾಗಿನವ ಒಂದು ಮಡಕೆ ಕಟ್ಟಿದ್ರೆ ಅಪರಾಧ. ಈ ಅನ್ಯಾಯ ಸರಿ ಅಂತ ನೀನು ಹೇಳೋದಿಲ್ಲ ತಾನೇ?

ಅಜ್ಜ: ಸರಿ ಅನ್ನೋದಿಲ್ಲ. ಅನ್ಯಾಯ ಸರಿ ಮಾಡೋಕೆ ನನ್ನ ಮಕ್ಕಳನ್ನ ಮತ್ತೆ ಮರ ಹತ್ತಿಸೋದೂ ಸರಿ ಅನ್ನೋದಿಲ್ಲ.

ಮೊಮ್ಮಗಳು: ನಾನು ಕೇಳೋದು ಬೇರೆ. ಜರ್ಮನಿಯಲ್ಲಿ ಗೋಸೆ ಅಂತ ಒಂದು ಹುಳಿ ಬಿಯರ್ ಇದೆ. ಗೋಸ್ಲಾರ್ ಊರಿನಲ್ಲಿ ಹುಟ್ಟಿ ಲೈಪ್ಸಿಗ್‌ನಲ್ಲಿ ಹೆಸರಾದದ್ದು. ಅದಕ್ಕೆ ಕೊತ್ತಂಬರಿ ಬೀಜ ಹಾಕ್ತಾರೆ, ಉಪ್ಪು ಹಾಕ್ತಾರೆ. ಮುರುಗಲು ನಮ್ಮದು, ಉಪ್ಪು ಸಾಣಿಕಟ್ಟೆಯದು. ಅಘನಾಶಿನಿಯ ಕಗ್ಗದ ಅಕ್ಕಿ ಇದೆ, ಉಪ್ಪುನೀರು ತಡೆದು ಬೆಳೆಯೋ ಅಕ್ಕಿ. ಯೀಸ್ಟ್ ಬೈನೆ ಹೊಂಬಾಳೆಯಿಂದ ಹಿಡಿದ್ರೆ ಅದು ಎಲ್ಲಿಯೂ ಇಲ್ಲದ ರುಚಿ ಆಗಬಹುದು, ಈ ಊರಿನದೇ ರುಚಿ.

ಅಜ್ಜ: ಯೀಸ್ಟಿಗೆ ಊರು ಉಂಟಾ? ಗಾಳಿಯಲ್ಲಿ ಬಂದದ್ದು.

ಮೊಮ್ಮಗಳು: ಉಂಟು. 2016ರಲ್ಲಿ ನಮ್ಮ ಲ್ಯೂವೆನ್‌ನವರೂ ಸೇರಿ 157 ಯೀಸ್ಟ್ ತಳಿಗಳ ವಂಶ ಓದಿದ್ರು. ಬಿಯರಿನ ಯೀಸ್ಟುಗಳು ದನ, ನಾಯಿ ಪಳಗಿದ ಹಾಗೆ ಮನುಷ್ಯನ ಕೈಯಲ್ಲಿ ಪಳಗಿವೆ. ಲವಂಗದ ವಾಸನೆ ಮಾಡೋ ಗುಣ ಬೇಡ ಅಂತ ಎಷ್ಟೋ ತಳಿಗಳಲ್ಲಿ ಅದು ಕಳೆದೇ ಹೋಗಿದೆ. ಬಿಯರಿನ ಆಚೆ ಬದುಕೋ ಶಕ್ತಿಯೂ ಕುಂದಿದೆ. ಕಾಡಿನವು ಹಾಗಲ್ಲ. ಇಟಲಿಯಲ್ಲಿ ನೋಡಿದ್ದಾರೆ, ಚಳಿಗಾಲದಲ್ಲಿ ಯೀಸ್ಟು ಕಣಜದ ಹೊಟ್ಟೆಯೊಳಗೆ ಉಳಿದು, ಮುಂದಿನ ವರ್ಷ ದ್ರಾಕ್ಷಿಗೆ ಬರ್ತದೆ. ಇಲ್ಲಿ ಹೊಂಬಾಳೆಗೆ ಯಾವ ಹುಳ ತರ್ತದೋ ಯಾರೂ ನೋಡಿಲ್ಲ.

ಅಜ್ಜ: ಜೇನು ಬರ್ತದೆ, ಕಣಜ ಬರ್ತದೆ, ಇರುವೆ ಬರ್ತದೆ. ರಾತ್ರಿ ಕಾಡುಬೆಕ್ಕು. ಅದಕ್ಕೆ ಬೇಡ ಅಂತ ಮಡಕೆ ಬಾಯಿಗೆ ಮುಳ್ಳು ಕಟ್ತಿದ್ದೆವು. ಒಮ್ಮೆ ಒಂದು ಬೆಕ್ಕು ಕುಡಿದು ಏಣಿಯ ಬುಡದಲ್ಲೇ ಮಲಗಿತ್ತು. ನಾನು ದಾಟಿ ಹತ್ತಿದೆ.

ಮೊಮ್ಮಗಳು: ನೋಡು, ಇದನ್ನೆಲ್ಲ ನೀನು ಒಬ್ಬನೇ ಬಲ್ಲವನು. ನಿನ್ನ ನಂತರ?

ಅಜ್ಜ: ಗೊತ್ತಿರಬೇಕಾದ್ದು ಬರೆದುಕೋ. ಬೆಲ್ಲದ್ದೂ ಬರೆದುಕೋ. ಬರಗಾಲದಲ್ಲಿ ಮರದ ತಿರುಳು ಕುಟ್ಟಿ ಹಿಟ್ಟು ಮಾಡಿ ಗಂಜಿ ಕುಡಿದದ್ದೂ ಬರೆದುಕೋ. ಊರ ದೈವ ಜಟಗನಿಗೆ ಕಳ್ಳಿನ ಎಡೆ ಇಡ್ತಿದ್ದದ್ದು, ಈಗ ಎಳನೀರು ಇಡೋದು, ಅದನ್ನೂ. ಕಳ್ಳೊಂದನ್ನೇ ಹಿಡ್ಕೊಂಡು ಬೈನೆ ಅಂದ್ರೆ ಇಷ್ಟೇ ಅನ್ನಬೇಡ.

ಮೊಮ್ಮಗಳು: ಬೈನೆ ಹೊಂಬಾಳೆಯ ತುದಿಯಿಂದ ಒಂದು ಹನಿ ಬೇಕು. ಹತ್ತಿಯಲ್ಲಿ ಒರೆಸಿ ತೆಗೆಯೋದು, ಅಷ್ಟೇ. ಆದ್ರೆ ಸುಮ್ಮನೆ ಜೇಬಿಗೆ ಹಾಕಿಕೊಂಡು ಹೋಗೋ ಹಾಗಿಲ್ಲ. 2002ರ ಜೀವವೈವಿಧ್ಯ ಕಾನೂನು ಇದೆ. ನಾನು ಹೊರದೇಶದಲ್ಲಿ ಇರುವವಳು, ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಬೇಕು. ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರ್ತದೆ. ಲಾಭ ಬಂದ್ರೆ ಊರಿಗೆ ಪಾಲು ಕೊಡಬೇಕು.

ಅಜ್ಜ: ಊರಿಗೆ ಅಂದ್ರೆ ಯಾರಿಗೆ? ಮರ ಹತ್ತಿದವರಿಗಾ, ಮರದ ಕೆಳಗೆ ಕೂತವರಿಗಾ?

ಮೊಮ್ಮಗಳು: ಅದನ್ನ ಅರ್ಜಿಯಲ್ಲೇ ಬರೆಯೋಣ. ಹತ್ತಿದವರ ಮನೆಗಳಿಗೆ ಅಂತ.

ಅಜ್ಜ: ಹಾಗೆ ಬರೆಯೋಕೆ ಆಗ್ತದಾ?

ಮೊಮ್ಮಗಳು: ಕೇಳಬೇಕು. ಬರೆದ್ರೆ ಒಪ್ಪುತೀಯಾ?

ಅಜ್ಜ: ಬೆಲ್ಲದ ಮೇಲೆ ನಮ್ಮ ಮನೆ ಹೆಸರು ಬರೆದ್ರೆ ಒಪ್ಪುತೇನೆ. ಬಾಟಲಿಯ ಮೇಲೆ ಬೇಡ. ಇಂಥ ಜಾತಿಯವರ ಸಾಂಪ್ರದಾಯಿಕ ಪಾನೀಯ ಅಂತ ಎಲ್ಲಿಯಾದ್ರೂ ಬರೆದಿಯೋ, ನಾನು ಒಪ್ಪೋನಲ್ಲ. ನಿನ್ನ ಅಪ್ಪನಿಂದ ಒರೆಸಿ ತೆಗೆದದ್ದನ್ನ ನೀನು ಅಚ್ಚು ಹಾಕಿಸಬಾರದು.

ಮೊಮ್ಮಗಳು: ಹೆಸರು ಮುಚ್ಚಿಟ್ರೆ ನಾಳೆ ಬೇರೆಯವರು ಇದು ತಮ್ಮದು ಅಂತಾರೆ. ಆಗ ಮತ್ತೆ ಹತ್ತಿದವನೇ ಇಲ್ಲವಾಗ್ತಾನೆ. ನಾನು ಇದನ್ನ ಒಪ್ಪೋದಿಲ್ಲ ಅಜ್ಜಾ.

ಅಜ್ಜ: ಒಪ್ಪಬೇಡ. ಅರ್ಜಿ ಬರೀ, ನಾನು ಓದಿ ನೋಡ್ತೇನೆ. ನಿಂಗೆ ತೋರಿಸೋಕೆ ಹೊಳೆಯಾಚೆ ಒಂದು ಮರ ಅದೆ, ಈ ವರ್ಷ ನೆತ್ತಿಯಲ್ಲಿ ಮೊದಲ ಹೊಂಬಾಳೆ ಬಿಟ್ಟಿದೆ. ಇನ್ನೂ ನಾಲ್ಕೈದು ವರ್ಷ ಇರ್ತದೆ.

ಮೊಮ್ಮಗಳು: ಚೆನ್ನೈಯವರು ಅಷ್ಟರೊಳಗೆ ಉತ್ತರ ಕೊಡ್ತಾರೆ. ನಾಳೆ ಬೆಳಿಗ್ಗೆ ಹೋಗಿ ಮರ ನೋಡಿ ಬರೋಣವಾ?

ಅಜ್ಜ: ಹೋಗೋಣ. ಬಿಸಿಲೇರೋದರೊಳಗೆ ಹೊರಡಬೇಕು, ಆಮೇಲೆ ಕಣಜ ಏಳ್ತದೆ. ಮತ್ತೆ ಆ ಬಾಟಲಿಗೆ ಬಿರಡೆ ಹಾಕು, ಬಿಟ್ರೆ ನಾಳೆಗೆ ಮೂಗಿನ ಹುಳಿ ಜಾಸ್ತಿ ಆಗ್ತದೆ.